ಒಡೆದಿಟ್ಟು ಹೋಗುತ್ತಿದ್ದ ಕೆಂಪಣ್ಣ

ಕೆಲಸ ಒಪ್ಪಿಕೊಂಡ ದಿನವೇ ಕೆಂಪಣ್ಣ ಏನನ್ನಾದರೂ ಒಡೆಯುತ್ತಿದ್ದ. ಬಚ್ಚಲಿನ ಗೋಡೆಯೋ, ಅಡುಗೆಮನೆಯ ಕಟ್ಟೆಯೋ, ಅಂತೂ ಮನೆಯವರು ಹಿಂದೆ ಸರಿಯಲಾಗದಂಥದ್ದು. ಇಟ್ಟಿಗೆ ಚೂರುಗಳನ್ನು ಮೂಲೆಗೆ ತಳ್ಳಿ, ಲುಂಗಿ ಕೊಡವಿ, "ಆಯ್ತದೆ ಬುಡಿ ಅಕ್ಕ, ನಾಳೀಕೆ ಬತ್ತೀನಿ" ಎಂದು ಬೈಕು ಹತ್ತಿದರೆ ಮುಗಿಯಿತು. ಒಬ್ಬ ಮೇಸ್ತ್ರಿ ಒಡೆದಿಟ್ಟ ಮನೆಗೆ ಇನ್ನೊಬ್ಬ ಸುಲಭಕ್ಕೆ ಕೈ ಹಾಕುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ನನಗೆ ಗೊತ್ತಾಗುವಷ್ಟರಲ್ಲಿ ನಮ್ಮ ಬಚ್ಚಲಿಗೆ ಗೋಡೆಯಿರಲಿಲ್ಲ.

ನಾನೂ ನಮ್ಮ ಯಜಮಾನರೂ ಮಂಡ್ಯದಲ್ಲಿ ನೌಕರಿಯಲ್ಲಿದ್ದೆವು. ಹಳೇ ಮನೆ ಕೊಂಡು, ರಿಪೇರಿ ಮಾಡಿಸಿ, ಬಾಡಿಗೆಗೆ ಬಿಟ್ಟರೆ ಮುಂದಕ್ಕೆ ಆಸರೆಯಾಗುತ್ತದೆ ಎಂಬುದು ಯಜಮಾನರ ಲೆಕ್ಕಾಚಾರ. ಮಂಡ್ಯದಲ್ಲೊಂದು, ಮದ್ದೂರಲ್ಲೊಂದು, ಆಮೇಲೆ ಮಳವಳ್ಳಿಯಲ್ಲೊಂದು ಕೊಂಡೆವು. ಲೆಕ್ಕಾಚಾರ ಅವರದು, ಮೇಸ್ತ್ರಿಯನ್ನು ಹುಡುಕಿಕೊಂಡು ಅಲೆಯುವುದು ನನ್ನದು. ಭಾನುವಾರ ಬಂತೆಂದರೆ ಏಳುವ ಮೊದಲೇ ಮೈ ಭಾರವಾಗುತ್ತಿತ್ತು.

ಮಂಡ್ಯದ ಮನೆಯ ಬಚ್ಚಲು ಒಡೆದು ನಾಪತ್ತೆಯಾದಾಗ ಹನಕೆರೆಯ ಅವನ ಮನೆಗೇ ಹೋದೆ. ಹೆಂಡತಿ ಜಯಮ್ಮ, "ದುದ್ದಕ್ಕೋಗವ್ರೆ ಕಣಕ್ಕ" ಅಂದಳು. ದುದ್ದದಲ್ಲಿ ಯಾರದೋ ಸೂರಿನ ಮೇಲೆ ಕೂತಿದ್ದ. ಕೆಳಗೆ ನಿಂತ ಆ ಮನೆಯ ಯಜಮಾನ ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ನನ್ನನ್ನು ಕಂಡದ್ದೇ ಕೆಂಪಣ್ಣನ ಮುಖ ಅರಳಿತು. ದಡದಡ ಏಣಿ ಇಳಿದು ಬಂದ.

"ನೋಡಣ್ಣ, ಈ ಅಕ್ಕನ ಮನೇನೂ ಅಂಗೇ ನಿಂತದೆ. ನಾನೇನ್ ನಿಮ್ದೊಂದ್ನೇ ನಿಲ್ಸಿವ್ನಾ?"

ಆ ಯಜಮಾನನೂ ನಾನೂ ಮುಖ ಮುಖ ನೋಡಿಕೊಂಡೆವು. ಕೆಂಪಣ್ಣ ನಮಗೆ ಟೀ ತರಿಸಿಕೊಟ್ಟು, ಮತ್ತೆ ಏಣಿ ಹತ್ತಿದ.

ಮದ್ದೂರಿನ ಮನೆಯಲ್ಲಿ ಮೊದಲಿನಿಂದಲೂ ಬಾಡಿಗೆಗಿದ್ದವಳು ಸಾಕಮ್ಮ. ವಯಸ್ಸಾದ ಹೆಂಗಸು, ಒಬ್ಬಳೇ. ಮುಂದಿನ ಕೋಣೆಯಲ್ಲಿ ಇಡ್ಲಿ ಬೇಯಿಸಿ ಮಾರುತ್ತಿದ್ದಳು. ಅವಳನ್ನು ಖಾಲಿ ಮಾಡಿಸಿಯೇ ಕೆಲಸ ಹಿಡಿಯುತ್ತೇನೆಂದು ಕೆಂಪಣ್ಣ ಮಾತು ಕೊಟ್ಟಿದ್ದ. ತಿಂಗಳುಗಳು ಉರುಳಿದರೂ ಕೆಲಸ ಮುಗಿಯಲಿಲ್ಲ. ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೋಗಿ ನೋಡಿದರೆ, ಸಾಕಮ್ಮ ಅಲ್ಲೇ ಇದ್ದಾಳೆ. ಒಂದು ಕೋಣೆಗೆ ಗಾರೆ ಹಾಕುವಾಗ ಅವಳ ಒಲೆಯನ್ನು ಇನ್ನೊಂದಕ್ಕೆ ಸಾಗಿಸುವುದು, ಅದಕ್ಕೆ ಕೈ ಹಚ್ಚುವಾಗ ಮತ್ತೆ ಇಲ್ಲಿಗೆ ತರುವುದು. ಹೀಗೆ ನಡೆದಿತ್ತು ನಮ್ಮ ರಿಪೇರಿ.

"ಏನ್ ಕೆಂಪಣ್ಣ ಇದು? ಖಾಲಿ ಮಾಡಿಸ್ತೀನಿ ಅಂದಿದ್ದೆಯಲ್ಲ?" ಎಂದು ರೇಗಿದೆ.

"ಅಂದಿದ್ದೆ, ದಿಟ ಕಣಕ್ಕ. ಸಾಕವ್ವಂಗೂ ನೀನೆಲ್ಗೂ ಓಗ್ಬ್ಯಾಡ ಅಂದಿದ್ದೆ. ಇಬ್ರೂ ಮಕ ಸಣ್ಣ ಮಾಡ್ಕಂಡ್ರಿ, ನಾನೇನ್ ಮಾಡ್ಲಿ?"

ಹೊಗೆಯೊಳಗಿಂದ ಸಾಕಮ್ಮ ಕೂಗಿದಳು. "ಲೇ ಕೆಂಪ, ಇಡ್ಲಿ ಇಟ್ಟಿಗೆ ದೂಳು ಬೀಳ್ತದೆ ಕಣ್ಲಾ, ಆ ಕಡೀಕೋಗಿ ಮಾತಾಡು!"

ಜಗಳಕ್ಕೆಂದೇ ಹೋದವಳು ನಾನು. ಯಾಕೋ ಕೈಲಾಗಲಿಲ್ಲ. ಸಿಮೆಂಟಿನ ಮೂಟೆಯ ಮೇಲೆ ಕೂತು, "ಹೆಂಗಾದ್ರೂ ಮುಗಿಸಪ್ಪ" ಅಂದೆ. ಕೆಂಪಣ್ಣ ಹಿಂದಿನ ಕೋಣೆಗೆ ಓಣಿಯ ಕಡೆ ಬಾಗಿಲು ಇಟ್ಟು, ಸಾಕಮ್ಮನಿಗೆ ಅಲ್ಲೇ ಒಲೆ ಹಾಕಿಕೊಟ್ಟ. ಯಜಮಾನರ ಲೆಕ್ಕಾಚಾರ ತಪ್ಪಿತು. ಊರವರಿಗೆ ಇಡ್ಲಿ ತಪ್ಪಲಿಲ್ಲ.

ಮಳವಳ್ಳಿಯ ಮನೆಗೂ ಅವನೇ ಬಂದ. ಮುಂದಿನ ಗೋಡೆ ಒಡೆದು ಹೋದವನು ಚಿಕ್ಕರಸಿನಕೆರೆಯಲ್ಲಿ ಇನ್ನೊಬ್ಬರ ಕೆಲಸದಲ್ಲಿ ಗೋಡೆಗೆ ಕಟ್ಟಿದ್ದ ಸಾರ್ವೆಯ ಬೊಂಬು ಮುರಿದು ಮೇಲಿಂದ ಬಿದ್ದ. ಸ್ವಲ್ಪ ದಿನ ಕಾದು, ನಾವು ಬೇರೆ ಮೇಸ್ತ್ರಿಯನ್ನು ಹಿಡಿದೆವು. ಆಮೇಲೆ ಇಬ್ಬರೂ ಹನಕೆರೆಗೆ ಹೋಗಿ ಕೆಂಪಣ್ಣನನ್ನು ನೋಡಿದೆವು. ಮಂಚದಲ್ಲಿ ಮಲಗಿದ್ದ, ಮೈ ಅರ್ಧವಾಗಿತ್ತು. ದಿಂಬಿನ ಪಕ್ಕದ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಜಯಮ್ಮ ಎತ್ತಿಕೊಂಡು, "ಅವ್ರು ಬರಕಿಲ್ಲ ಕಣಣ್ಣ, ಸೊಂಟ ಮುರ್ದೋಗದೆ. ಬ್ಯಾರೇರ್ನ ನೋಡ್ಕಳಿ" ಅಂದಳು.

"ಅಂಗನ್ಬ್ಯಾಡ ಕಣೇ" ಎಂದು ಕೈ ಎತ್ತಲು ನೋಡಿದ, ಆಗಲಿಲ್ಲ. ನನ್ನ ಕಡೆ ತಿರುಗಿದ. "ನಿಮ್ಮ ಗ್ವಾಡೆ ಅಂಗೇ ಒಡ್ದಾಕ್ಬುಟ್ಟು ಬಂದೆ ಅಕ್ಕ. ಸ್ರಾವಣ ಕಳೀಲಿ, ಬತ್ತೀನಿ."

"ನೀನು ಬರೋವರೆಗೂ ಹಾಗೇ ಇರ್ಲಿ ಬಿಡು, ನಮಗೇನೂ ಅವಸರ ಇಲ್ಲ" ಅಂದೆ. ಮಳವಳ್ಳಿಯಲ್ಲಿ ಆಗಲೇ ಗೋಡೆ ಎದ್ದು, ಗಾರೆಯೂ ಒಣಗಿತ್ತು. ಯಜಮಾನರು ನನ್ನ ಮುಖ ನೋಡಿದರು.

ಶ್ರಾವಣಕ್ಕೆ ಮೊದಲೇ ಕೆಂಪಣ್ಣ ಹೋಗಿಬಿಟ್ಟ.

ಹೊಸ ಮೇಸ್ತ್ರಿ ಹೇಳಿದ ದಿನ ಬರುತ್ತಾನೆ, ಹೇಳಿದ ದಿನ ಮುಗಿಸುತ್ತಾನೆ. ಅವನ ಮನೆ ಎಲ್ಲಿದೆಯೋ, ನನಗೆ ಗೊತ್ತಿಲ್ಲ.