ಕ್ರೇನಿನ ಮೇಲಿಂದ ಎಣಿಸಿದವಳು

ಇರ್ತಿಶ್ ನದಿಯ ದಡದ ನಮ್ಮ ಎರಕದ ಕಾರ್ಖಾನೆಯಲ್ಲಿ ಕುಲ್ಯಾಶ್ ಇಪ್ಪತ್ತಾರು ವರ್ಷ ಕ್ರೇನ್ ನಡೆಸಿದಳು. ಕರಗಿದ ಕಬ್ಬಿಣದ ಕೊಳಗವನ್ನು ಅವಳು ಸಾಗಿಸುವಾಗ ಒಂದು ಹನಿಯೂ ತುಳುಕುತ್ತಿರಲಿಲ್ಲ. ನಾನು ಮಿರ್ಜಾಬೆಕ್, ಆ ಪಾಳಿಯ ಮೇಸ್ತ್ರಿ. ತಪ್ಪು ಮಾಡಿದವರ ಹೆಸರು ಬರೆದುಕೊಂಡು ಎಲ್ಲರೆದುರು ಬಯ್ಯುವುದೇ ನನ್ನ ಕೆಲಸ ಎಂದು ನಂಬಿದ್ದವನು. ಆದರೂ ವರ್ಷಕ್ಕೆ ಮೂರ್ನಾಲ್ಕು ಜನ ಮುಖ, ಕುತ್ತಿಗೆ ಸುಟ್ಟುಕೊಳ್ಳುತ್ತಿದ್ದರು. ಸಣ್ಣ ಗಾಯವಾದರೆ ನನಗೆ ಹೆದರಿ ಮುಚ್ಚಿಡುತ್ತಿದ್ದರು.

ಒಂದು ಚಳಿಗಾಲ ಅಲ್ಮಾಟಿ ನಗರದಿಂದ ಒಬ್ಬಾಕೆ ಸುರಕ್ಷತೆಯ ತರಬೇತಿ ಕೊಡಲು ಬಂದಳು. ತಪ್ಪನ್ನಲ್ಲ, ಸರಿಯಾಗಿ ಮಾಡಿದ್ದನ್ನು ಎಣಿಸಿ, ಹೆಸರು ಬರೆಯಬೇಡಿ ಎಂದಳು. ನಾವೆಲ್ಲ ನಕ್ಕೆವು. ಕುಲ್ಯಾಶ್ ಮಾತ್ರ ನಗಲಿಲ್ಲ.

"ಎಲ್ಲರೂ ನಂಗೆ ಮೇಲಿಂದ ಕಾಣ್ತಾರೆ. ನಾನೇ ಎಣಿಸ್ತೀನಿ ಬಿಡಿ," ಎಂದಳು.

ಕಬ್ಬಿಣ ಹೊಯ್ಯುವಾಗ ಮುಖದ ಮೇಲೆ ಗಾಜಿನ ಕವಚ ಇಳಿಸಿರಬೇಕು, ಹಳದಿ ಗೆರೆಯ ಹಿಂದೆ ನಿಂತಿರಬೇಕು. ಅವಳು ಎಣಿಸಿದ್ದು ಈ ಎರಡನ್ನೇ. ಮೊದಲ ವಾರದ ಲೆಕ್ಕವನ್ನು ಊಟದ ಮನೆಯ ಬಾಗಿಲಿಗೆ ಅಂಟಿಸಿದಳು. ನೂರು ಸಲದಲ್ಲಿ ಕವಚ ಇಳಿಸಿದ್ದು ನಲವತ್ತೊಂದು ಸಲ. ನನಗೆ ಮೈಯೆಲ್ಲ ಉರಿದುಹೋಯಿತು. ಯಾರ್ಯಾರು ಎಂದು ಕೇಳಿದೆ.

"ಹೇಳಲ್ಲ ಮಿರ್ಜಾಬೆಕ್. ಆದ್ರೆ ಒಂದು ನೋಡು, ಪಾಳಿ ಶುರುವಾದಾಗ ಮತ್ತೆ ಚಹಾ ಕುಡಿದು ಬಂದಾಗಲೇ ಹೆಚ್ಚಾಗಿ ಕವಚ ಎತ್ತಿರ್ತಾರೆ. ಯಾಕಿರಬಹುದು?"

ಅವಳು ನನ್ನನ್ನೂ ಕರೆದುಕೊಂಡು ಹೋಗಿ, ನಮ್ಮ ಪಾಳಿಯ ಬಾಯಿಬಡುಕ ಒರಿನ್‌ಬಾಯ್‌ನನ್ನೇ ಕೇಳಿದಳು.

"ಅಕ್ಕ, ಕವಚ ತೂಗುಹಾಕೋದು ಹೊರಬಾಗಿಲ ಹತ್ರ. ಅಲ್ಲಿ ಮೂಗೇ ಹೆಪ್ಪುಗಟ್ಟತ್ತೆ. ಒಳಗೆ ತಂದ ತಕ್ಷಣ ಗಾಜಿಗೆ ಮಂಜು ಕವಿಯತ್ತೆ. ಕುರುಡನ ಹಾಗೆ ಕಬ್ಬಿಣ ಹೊಯ್ಲಾ?"

"ಇಷ್ಟು ದಿನ ಯಾಕೋ ಹೇಳ್ಲಿಲ್ಲ?" ಎಂದೆ ನಾನು.

"ನೀವು ನನ್ನ ಹೆಸರು ಕೇಳಿದ್ರಿ ಅಣ್ಣ, ಕಾರಣ ಯಾವತ್ತು ಕೇಳಿದ್ರಿ?"

ಅಂದೇ ಕವಚ ತೂಗುಹಾಕುವ ಮೊಳೆಗಳನ್ನು ಕಿತ್ತು ಕುಲುಮೆಯ ಪಕ್ಕದ ಬೆಚ್ಚನೆಯ ಗೋಡೆಗೆ ಹೊಡೆಸಿದೆ. ಕುಲ್ಯಾಶ್ ಮೇಲಿನ ಧ್ವನಿವರ್ಧಕದಲ್ಲಿ ಆಗಾಗ ಹೇಳತೊಡಗಿದಳು: "ಒರಿನ್‌ಬಾಯ್, ಗೆರೆಯಿಂದ ಹಿಂದೆ ಸರಿದೆಯಲ್ಲ, ನೋಡ್ದೆ. ಭೇಷ್!"

"ನನ್ನ ಹೆಂಡ್ತಿನೂ ಇಷ್ಟು ಹೊಗಳಿಲ್ಲ ಅಕ್ಕ!" ಎಂದು ಅವನು ಕೆಳಗಿಂದ ಕೂಗುತ್ತಿದ್ದ. ಎಲ್ಲರೂ ನಗುತ್ತಿದ್ದರು. ಬಾಗಿಲ ಮೇಲಿನ ಅಂಕಿ ಎಪ್ಪತ್ತಾಯಿತು, ಎಂಬತ್ತೆಂಟಾಯಿತು, ತೊಂಬತ್ತಾರಾಯಿತು.

ಫೆಬ್ರವರಿಯ ಒಂದು ಮಧ್ಯಾಹ್ನ ಕಬ್ಬಿಣ ಹೊಯ್ಯುವ ಮರಳಿನ ಅಚ್ಚೊಂದರಲ್ಲಿ ತೇವ ಉಳಿದಿತ್ತು. ಕಬ್ಬಿಣ ಬಿದ್ದದ್ದೇ ತಡ, ತೇವ ಹಬೆಯಾಗಿ ಇಡೀ ಅಚ್ಚು ಸಿಡಿಯಿತು. ಛಾವಣಿಯವರೆಗೂ ಬೆಂಕಿಯ ಹನಿ ಹಾರಿತು. ಹೊಗೆಯಲ್ಲಿ ನನ್ನ ಕೈಯೇ ನನಗೆ ಕಾಣಲಿಲ್ಲ. ಕೊಳಗವನ್ನು ಅಲುಗದಂತೆ ಹಿಡಿದು ನಿಲ್ಲಿಸಿದ್ದ ಕುಲ್ಯಾಶಳ ದನಿ ಮೇಲಿನಿಂದ ಬಂತು.

"ಒಂದು... ಎರಡು... ಮೂರು..."

ಹೊಗೆ ತಿಳಿಯಾದಂತೆ ಕಂಡವರನ್ನು ಎಣಿಸುತ್ತಿದ್ದಳು. ಆರಕ್ಕೆ ನಿಂತಳು. ಹೊಯ್ಯುತ್ತಿದ್ದವರು ಏಳು ಜನ. ಆಗ ಕಂಬದ ಹಿಂದಿನಿಂದ ಒರಿನ್‌ಬಾಯ್ ಕೈ ಎತ್ತಿದ.

"ಏಳು," ಎಂದಳು.

ಏಳೂ ಜನ ಗೆರೆಯ ಹಿಂದಿದ್ದರು. ಏಳೂ ಮುಖದ ಮೇಲೆ ಕವಚವಿತ್ತು. ಒರಿನ್‌ಬಾಯ್‌ನ ಗಾಜಿನ ಮೇಲೆ, ಸರಿಯಾಗಿ ಎಡಗಣ್ಣಿನ ನೇರಕ್ಕೆ, ಕಬ್ಬಿಣದ ಹನಿಯೊಂದು ಅಂಟಿಕೊಂಡು ಕಪ್ಪಾಗುತ್ತಿತ್ತು. ಅವನು ಕವಚ ಎತ್ತಿದ. ಕೆಳಗೆ ಕಣ್ಣು ಇದ್ದ ಹಾಗೇ ಇತ್ತು. ಇಷ್ಟು ವರ್ಷದ ನನ್ನ ಕೂಗಾಟಕ್ಕೆ ಆಗದ್ದು, ಕೆಲವು ಮೊಳೆಗಳಿಂದ ಮತ್ತು ಒಬ್ಬ ಹೆಂಗಸಿನ ಎಣಿಕೆಯಿಂದ ಆಗಿತ್ತು.

ಮರುದಿನ ಎಲ್ಲರೂ ಅವಳನ್ನು ಸನ್ಮಾನಿಸಲು ಹೊರಟರೆ, ಅವಳ ಕೈಯಲ್ಲಿ ಹೊಸ ಹಾಳೆಯಿತ್ತು.

"ಅಚ್ಚು ಒಣಗಿದ್ಯಾ ಅಂತ ಹೊಯ್ಯೋಕೆ ಮುಂಚೆ ಎಷ್ಟು ಸಲ ನೋಡ್ತಾರೆ, ಅದನ್ನ ಎಣಿಸ್ಬೇಕು ಮಿರ್ಜಾಬೆಕ್. ನಂಗೆ ಅದು ಮೇಲಿಂದ ಕಾಣಲ್ಲ. ಈ ಸಲ ನೀನು ಎಣಿಸು."