ನಂಬರು ಮೊದಲು ಸಾಯಬೇಕು

ಹಳೇ ಕಾರುಗಳನ್ನು ಕೊಂಡು, ಕತ್ತರಿಸಿ, ಕಬ್ಬಿಣಕ್ಕೆ ಹಾಕುವ ಆ ಗುಜರಿ ಅಂಗಳಕ್ಕೆ ಬೋರ್ಡಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕಟ್ಟರ್ ಮಾವ ಎಂದರೆ ಸಾಕು, ಬೀದಿಯಲ್ಲಿ ಯಾರಾದರೂ ಕೈ ತೋರಿಸುತ್ತಿದ್ದರು. ಮೀಸೆ ಮೂಡುವ ಮೊದಲೇ ಗ್ಯಾಸ್ ಕಟ್ಟರ್ ಹಿಡಿದ ಮನುಷ್ಯ. ಹಿಡಿದು ಹಿಡಿದು ಬಲಗೈ ಹೆಬ್ಬೆರಳು ಒಂದು ಕಡೆಗೆ ವಾಲಿಕೊಂಡಿತ್ತು.

ಅವರದೊಂದು ಪದ್ಧತಿ. ಯಾವ ಕಾರು ಬಂದರೂ ಮೊದಲು ಬಾಗಿಲಿಗೆ ಕೈ ಹಾಕುವುದಿಲ್ಲ, ಎಂಜಿನ್ನಿಗೂ ಹಾಕುವುದಿಲ್ಲ. ಚೌಕಟ್ಟಿನಲ್ಲಿ ಚಾಸಿ ನಂಬರು ಕೊರೆದಿರುವ ಜಾಗವನ್ನು ಹುಡುಕಿ, ತುಕ್ಕು ಉಜ್ಜಿ, ಮಾಲೀಕರಿಗೆ ಓದಿಸುತ್ತಿದ್ದರು. ಅವರ ಕಣ್ಣೆದುರೇ ಆ ತುಂಡನ್ನು ಕತ್ತರಿಸಿ ತೆಗೆದು, ನಂಬರಿನ ಮೇಲೆ ಬೆಂಕಿಯಿಂದ ಒಂದು ಅಡ್ಡಗೆರೆ ಎಳೆಯುತ್ತಿದ್ದರು.

"ನಂಬರು ಮೊದಲು ಸಾಯಬೇಕು, ಗಾಡಿ ಆಮೇಲೆ," ಎನ್ನುತ್ತಿದ್ದರು. ಗೆರೆ ಬಿದ್ದ ತುಂಡನ್ನೂ ಕಾರಿನ ನೋಂದಣಿ ಪುಸ್ತಕವನ್ನೂ ಮಾಲೀಕರ ಜೊತೆ ಸಾರಿಗೆ ಕಚೇರಿಗೆ ಒಯ್ದು, ರದ್ದು ಮಾಡಿಸಿ ಬಂದ ಮೇಲೆಯೇ ಉಳಿದ ಕೆಲಸ.

ಕೆಲಸ ಕಲಿಸಿದ ಯಜಮಾನನ ಗತಿ ನೋಡಿ ಬಂದ ಬುದ್ಧಿ ಅದು. ಆ ಪುಣ್ಯಾತ್ಮ ಕತ್ತರಿಸಿದ ಕಾರೊಂದರ ಪುಸ್ತಕವನ್ನು ಯಾರಿಗೋ ಮಾರಿದ್ದ. ಕಾರು ಕುಲುಮೆಯಲ್ಲಿ ಕರಗಿ ಎಷ್ಟೋ ಕಾಲದ ಮೇಲೆ ಅದೇ ನಂಬರಿನ ಇನ್ನೊಂದು ಕಾರು ಕಳ್ಳಮಾಲಿನ ಸಮೇತ ಸಿಕ್ಕಿಬಿತ್ತು. ಯಜಮಾನನನ್ನು ಪೊಲೀಸರು ಕರೆದೊಯ್ದರು. ಅವನ ಅಂಗಳದ ಬೀಗ ಮತ್ತೆ ತೆರೆಯಲೇ ಇಲ್ಲ.

ವಯಸ್ಸಾಗಿ ಮಾವನ ಕಣ್ಣಿಗೆ ಪೊರೆ ಬಂತು. ಪೊರೆ ತೆಗೆದ ಡಾಕ್ಟರು, ಇನ್ನು ಕೆಲವು ವಾರ ಬೆಂಕಿಯ ಹತ್ತಿರ ಸುಳಿಯಬೇಡಿ ಅಂದರು. ಅಂಗಳ ಅಳಿಯನ ಕೈಗೆ ಬಂತು. ಮಗಳನ್ನು ಮದುವೆಯಾದ ಮೇಲೆ ಇದೇ ಕೆಲಸಕ್ಕೆ ಸೇರಿದ ಚುರುಕು ಆಸಾಮಿ. ಕೊಟ್ಟ ಮಾತಿಗೆ ತಪ್ಪದವನು ಎಂದು ಬೀದಿಯಲ್ಲಿ ಹೆಸರು ಪಡೆದಿದ್ದ. ಆ ಹೆಸರಿನ ಹೆಮ್ಮೆ ಅವನಿಗೂ ಇತ್ತು, ಮಾವನಿಗೂ ಇತ್ತು.

ಒಂದು ಬೆಳಿಗ್ಗೆ ಮಾವ ಕಪ್ಪು ಕನ್ನಡಕ ಹಾಕಿಕೊಂಡು ಅಂಗಳಕ್ಕೆ ಬಂದರು. ನಿವೃತ್ತ ನರ್ಸಮ್ಮ ಒಬ್ಬರು ಮಾರಿದ್ದ ಬಿಳೀ ಕಾರನ್ನು ಆಗಲೇ ಅರ್ಧ ಕತ್ತರಿಸಿಯಾಗಿತ್ತು. ಮೇಜಿನ ಮೇಲೆ ಹಳೇ ಬಟ್ಟೆಯಲ್ಲಿ ಸುತ್ತಿದ ಒಂದು ತುಂಡಿತ್ತು. ಬಿಚ್ಚಿ ಬೆರಳಾಡಿಸಿದರು. ನಾಲ್ಕೂ ಅಂಚು ನೆಟ್ಟಗೆ, ನುಣ್ಣಗೆ. ನಡುವೆ ನಂಬರು, ಅದರ ಮೇಲೆ ಗೆರೆಯಿಲ್ಲ.

"ಅಳಿಯಂದಿರೇ, ಇದನ್ನ ಕತ್ತರಿಸಿದ್ದು ಯಾರು?"

"ನಾನೇ ಮಾವ. ಚೆನ್ನಾಗಿ ಬಂದಿದೆ ಅಲ್ವಾ?"

ತೀರಾ ಚೆನ್ನಾಗಿ ಬಂದಿತ್ತು. ಕುಲುಮೆಗೆ ಹೋಗುವ ತಗಡನ್ನು ಯಾರೂ ಅಳತೆಪಟ್ಟಿ ಇಟ್ಟು ಕತ್ತರಿಸುವುದಿಲ್ಲ. ಇನ್ನೊಂದು ಕಾರಿಗೆ ಕೂರಿಸಿ ಬೆಸುಗೆ ಹಾಕಬೇಕಾದರೆ ಮಾತ್ರ ಇಷ್ಟು ಚೌಕ. ಮಾವನಿಗೆ ಹಳೇ ಯಜಮಾನ ನೆನಪಾದ. ಮಗಳ ಗಂಡ, ಗದರುವಂತಿಲ್ಲ. ಸುಮ್ಮನಿದ್ದರೆ ಅವನು ಜೈಲಿಗೆ ಹೋಗುವುದನ್ನು ನೋಡಬೇಕು.

"ಬುಕ್ಕು ಎಲ್ಲಿದೆ?"

"ಒಳಗಿದೆ. ಸಂಜೆ ಒಬ್ರು ಬರ್ತಾರೆ, ಎರಡೂ ಬೇಕಂತೆ. ಅವರದೂ ಇಂಥದ್ದೇ ಕಾರು, ಪೇಪರೆಲ್ಲಾ ಸುಟ್ಟೋಯ್ತಂತೆ ಪಾಪ. ಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ."

"ಪೇಪರ್ ಸುಟ್ಟೋದ್ರೆ ಕಚೇರೀಲಿ ಹೊಸದು ಕೊಡ್ತಾರೆ. ನಂಬರಿರೋ ಕಬ್ಬಿಣಾನೂ ಸುಟ್ಟೋಯ್ತಾ?"

ಅಳಿಯ ತುಂಡಿನ ಕಡೆ ನೋಡಿದ. ಆಮೇಲೆ ಮೆಲ್ಲಗೆ, "ಆದ್ರೂ ಮಾವ, ಕಾರು ನಾವು ಕೊಂಡಿದ್ದು. ನಮ್ಮ ವಸ್ತು ನಾವು ಮಾರಿದ್ರೆ ಯಾರ ಗಂಟು ಹೋಗುತ್ತೆ?" ಎಂದ.

"ಕಬ್ಬಿಣ ನಮ್ಮದು. ಹೆಸರು ನರ್ಸಮ್ಮಂದು. ಕಚೇರೀಲಿ ಆ ಕಾರು ಇನ್ನೂ ಬದುಕೇ ಇದೆ. ಬುಕ್ಕನ್ನ ವಾಪಸ್ ಕೊಟ್ಟು ರದ್ದು ಮಾಡಿಸ್ಬೇಕು, ಮಾರೋ ಹಾಗಿಲ್ಲ. ಕಾನೂನು ಅದು. ಈ ತುಂಡನ್ನ ಕದ್ದ ಕಾರಿಗೆ ಅಂಟಿಸಿ ಯಾರಿಗಾದ್ರೂ ಗುದ್ದಿದ್ರೆ, ಪೊಲೀಸರು ಮೊದಲು ಬಡಿಯೋದು ಆಯಮ್ಮನ ಬಾಗಿಲು. ಆಮೇಲೆ ನಿಮ್ಮದು."

ಟೀ ತಂದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಸತ್ತೋರ ಚಪ್ಪಲಿ ಬೇಕಾದ್ರೆ ಮೆಟ್ಕೋಬಹುದು ಕಣಪ್ಪ, ಹೆಸರು ಹಾಕ್ಕೊಂಡು ಓಡಾಡೋಕಾಗುತ್ತಾ? ಹಂಗಾಗೋದಾದ್ರೆ ನಮ್ಮತ್ತೆ ಪೆನ್ಷನ್ನು ನಾನೇ ತಿಂತಿದ್ದೆ!"

ಅಳಿಯ ನಗಲಿಲ್ಲ. "ತಪ್ಪು ಅಂತ ಗೊತ್ತಾಯ್ತು ಅತ್ತೆ. ಆದ್ರೆ ಮಾತು ಕೊಟ್ಟಾಗಿದೆ. ಇವತ್ತಿನವರೆಗೂ ಒಬ್ರ ಹತ್ರಾನೂ ಮಾತಿಗೆ ತಪ್ಪಿದೋನು ಅನ್ನಿಸ್ಕೊಂಡಿಲ್ಲ. ನಾಳೆ ಯಾವ ಮುಖ ಇಟ್ಕೊಂಡು ಬೀದೀಲಿ ಓಡಾಡ್ಲಿ?"

ಮಾವ ಟೀ ಕುಡಿದು ಮುಗಿಸಿದರು. ಲೋಟ ಕೆಳಗಿಟ್ಟು, "ಅಂಗಳ ಇನ್ನೂ ನನ್ನ ಹೆಸರಲ್ಲಿದೆ. ಕೊಟ್ಟೋರು ನೀವು, ಮುರಿಯೋನು ನಾನು. ಬೈಗುಳ ನನಗೇ ಬರ್ಲಿ. ಈ ವಯಸ್ಸಲ್ಲಿ ಅರ್ಧ ಕಿವಿಗೇ ಬೀಳಲ್ಲ," ಎಂದರು.

ಸಂಜೆ ಆ ಗಿರಾಕಿ ಬಂದ. ಗುಜರಿಗೆ ಬರುವವರು ಯಾರೂ ಹಾಕದಂಥ ಇಸ್ತ್ರಿ ಅಂಗಿ. ಮಾವ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತಿದ್ದರು.

"ಅದನ್ನ ಕೊಡೋಕಾಗಲ್ಲಪ್ಪ. ನಾನೇ ಬೇಡ ಅಂದೆ."

"ನಿಮ್ಮ ಹತ್ರ ಯಾರು ಮಾತಾಡಿದ್ರು ತಾತಾ?" ಅವನು ಒಳಗೆ ಇಣುಕಿದ. "ಏನ್ರೀ, ಈ ಮನೇಲಿ ಅಳಿಯನ ಮಾತಿಗೆ ಮೂರು ಕಾಸಿನ ಬೆಲೆ ಇಲ್ವಾ? ಈ ಕುರುಡು ಮುದುಕನ ಚೀಲ ಹೊರೋಕಷ್ಟೇ ಇಟ್ಕೊಂಡಿದ್ದಾರಾ ನಿಮ್ಮನ್ನ?"

ಮಾವ ಏಳಲು ಹೋದರು. ಅಷ್ಟರಲ್ಲಿ ಅಳಿಯ ಕೈಗವಸು ಕಳಚುತ್ತಾ ಕುರ್ಚಿಯ ಮುಂದೆ ಬಂದು ನಿಂತ.

"ಅವರನ್ನ ಯಾಕೆ ಬೈತೀರಿ? ಕೊಡಲ್ಲ ಅಂತಿರೋನು ನಾನು. ಹಿಂದೆ ಮುಂದೆ ನೋಡದೆ ಮಾತು ಕೊಟ್ಟೋನೂ ನಾನೇ. ನಿಜವಾಗ್ಲೂ ಪೇಪರ್ ಸುಟ್ಟಿದ್ರೆ ನಾಳೆ ನಿಮ್ಮ ಕಾರಲ್ಲೇ ಕಚೇರಿಗೆ ಬನ್ನಿ, ಅರ್ಜಿ ನಾನೇ ಬರ್ಕೊಡ್ತೀನಿ."

"ನೀನೂ ಒಬ್ಬ ಗಂಡಸಾ? ಬೀದೀಲೆಲ್ಲ ಹೇಳ್ತೀನಿ ನೋಡು."

"ಹೇಳಿ. ಸುಳ್ಳೇನಲ್ವಲ್ಲ."

ಅವನು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಯೇ ಹೋದ.

ಮಾರನೆಯ ದಿನ ಗೆರೆ ಎಳೆದ ತುಂಡು, ಪುಸ್ತಕ ಹಿಡಿದು, ನರ್ಸಮ್ಮನನ್ನೂ ಕರೆದುಕೊಂಡು ಮಾವ ಅಳಿಯ ಕಚೇರಿಗೆ ಹೋದರು. ಗಿರಾಕಿಯ ಸುಳಿವಿಲ್ಲ. ಗುಮಾಸ್ತ ಪುಸ್ತಕಕ್ಕೆ ರದ್ದು ಎಂದು ಮುದ್ರೆ ಒತ್ತಿದಾಗ ನರ್ಸಮ್ಮ, "ಅಯ್ಯೋ, ಪಾಪದ ಗಾಡಿ, ಒಂದು ಸಲಾನೂ ಕೈ ಕೊಡಲಿಲ್ಲ," ಎಂದು ಕಣ್ಣೊರೆಸಿಕೊಂಡರು. ಹಿಂದಿನ ಸಂಜೆ ಏನಾಯಿತೆಂದು ಅವರಿಗೆ ಯಾರೂ ಹೇಳಲಿಲ್ಲ.

ವಾಪಸ್ ಬರುವಾಗ ಟೈರ್ ಅಂಗಡಿಯವನು ಕೂತಲ್ಲಿಂದಲೇ ಕೂಗಿದ. "ಏನ್ ಸ್ವಾಮಿ, ಮಾತಿಗೆ ತಪ್ಪಿದ್ರಂತೆ? ನಿಮ್ಮಂಥೋರೂ ಹಿಂಗಾದ್ರೆ ಹೆಂಗೆ?"

ಅಳಿಯನ ಕಿವಿ ಕೆಂಪಾಯಿತು. ಕಾರಣ ಹೇಳಬಹುದಿತ್ತು. ಹೇಳಿದರೆ, ಕಾರಿನ ಕಾಗದ ಮಾರಲು ಹೊರಟಿದ್ದನ್ನೂ ಹೇಳಬೇಕಾಗುತ್ತಿತ್ತು.

"ಹೌದು ಕಣ್ರೀ, ತಪ್ಪಿದೆ," ಎಂದು ನಡೆದ.

ಮಾವ ಬೇಗ ಬೇಗ ಹೆಜ್ಜೆ ಹಾಕಿ ಅವನ ಪಕ್ಕಕ್ಕೆ ಬಂದರು. ರಸ್ತೆ ದಾಟುವಾಗ ಕಣ್ಣು ಕಾಣದವರಂತೆ ಅವನ ತೋಳು ಹಿಡಿದುಕೊಂಡರು. ದಾಟಿದ ಮೇಲೂ ಬಿಡಲಿಲ್ಲ.