ಅಕ್ಕನ ಎಡಗಣ್ಣು, ಶರಾವತಿಯ ಸೇತುವೆ

ಶಿರಾಲಿಯಿಂದ ಕುಮಟಾ ಉತ್ತರಕ್ಕೆ. ನಾವು ಮೊದಲು ದಕ್ಷಿಣಕ್ಕೆ, ಭಟ್ಕಳಕ್ಕೆ ಹೋದೆವು. ಅಲ್ಲಿಂದ ಹೊರಟ ಬಸ್ಸು ನಮ್ಮ ಶಿರಾಲಿಗೆ ಬರುವಷ್ಟರಲ್ಲಿ ತುಂಬಿರುತ್ತದೆ, ಅಕ್ಕ ಮಾದೇವಿಗೆ ಯಾರ ಮೊಣಕೈಯೂ ತಾಗದ ಸೀಟು ಬೇಕಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಬನ್ಸ್ ತಿಂದು, ಚಾ ಕುಡಿದು ಹತ್ತಿದೆವು. ಅಕ್ಕನಿಗೆ ಹೆಂಗಸರ ಪುಕ್ಕಟೆ ಟಿಕೆಟ್. ನನಗೂ ಪಕ್ಕದ ಮನೆಯ ಗಣಪಣ್ಣನಿಗೂ ದುಡ್ಡಿನದು.

"ಕಣ್ಣು ಹಾಳು ಮಾಡಿದವ್ರಿಗೆ ದುಡ್ಡು, ಹಾಳಾದವ್ರಿಗೆ ಪುಕ್ಕಟೆ. ಸರ್ಕಾರಕ್ಕೆ ನ್ಯಾಯ ಗೊತ್ತುಂಟು ಗಣಪಣ್ಣ," ಎಂದಳು ಅಕ್ಕ, ಕಪ್ಪು ಕನ್ನಡಕದ ಹಿಂದಿನಿಂದ. ಗಣಪಣ್ಣ ನಗಲಿಲ್ಲ.

ಭತ್ತ ಬಡಿಯುವಾಗ ಹುಲ್ಲಿನ ತುದಿ ಅವಳ ಎಡಗಣ್ಣಿಗೆ ಹೊಡೆದಿತ್ತು. ಗಣಪಣ್ಣ ತನ್ನ ಕಣ್ಣಿನ ಪೊರೆ ಆಪರೇಷನ್ನಿನಲ್ಲಿ ಉಳಿದಿದ್ದ ಹನಿ ಔಷಧಿ ತಂದುಕೊಟ್ಟ. ಕೆಂಪು ಇಳಿಯಿತು, ಎಲ್ಲರೂ ಅವನನ್ನು ಹೊಗಳಿದೆವು. ಆಮೇಲೆ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಮೂಡಿ ದಿನದಿನಕ್ಕೆ ಬೆಳೆಯಿತು. ಕುಮಟೆಯ ಡಾಕ್ಟರಮ್ಮ ಅದನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹುಲ್ಲಿನ ಜೊತೆ ಬೂಷ್ಟು ಒಳಹೊಕ್ಕಿದೆ, ಆ ಹನಿಯ ಸ್ಟಿರಾಯ್ಡ್ ಅದಕ್ಕೆ ಗೊಬ್ಬರವಾಗಿದೆ, ಬೂಷ್ಟು ಸಾಯದಿದ್ದರೆ ಕಣ್ಣೇ ಹೋದೀತು ಎಂದರು. ಅಂದಿನಿಂದ ಬೇರೆ ಹನಿ, ಮೊದಮೊದಲು ರಾತ್ರಿ ಹಗಲೆನ್ನದೆ. ಅದು ಫಲಿಸಿತೋ ಇಲ್ಲವೋ ಇವತ್ತು ತಿಳಿಯಬೇಕಿತ್ತು.

ಮುರ್ಡೇಶ್ವರ ದಾಟಿತು. ಹೊನ್ನಾವರಕ್ಕೆ ಮೊದಲು ಶರಾವತಿ ಸೇತುವೆ ಬಂದಾಗ ಗಣಪಣ್ಣ ತಡೆಯಲಾರದೆ, ಆ ಕಣ್ಣಿಗೆ ದೋಣಿ ಕಾಣುತ್ತದೆಯೇ ಎಂದು ಅಕ್ಕನನ್ನು ಕೇಳಿದ.

"ಈಗ ನೋಡೂದಿಲ್ಲ. ಬರುವಾಗ ನೋಡುವ."

ಕುಮಟೆಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಡಾಕ್ಟರಮ್ಮ ಅಕ್ಕನ ಗಲ್ಲವನ್ನು ಯಂತ್ರದ ಮೇಲಿರಿಸಿ ಬಹಳ ಹೊತ್ತು ನೋಡಿದರು. "ಬೂಷ್ಟು ಸತ್ತಿದೆ. ಕಲೆ ಉಳೀತದೆ, ಕಣ್ಣೂ ಉಳೀತು." ಹತ್ತಿರ ಹಿಡಿದ ಬೆರಳುಗಳನ್ನು ಅಕ್ಕ ಎಡಗಣ್ಣೊಂದರಲ್ಲೇ ಎಣಿಸಿದಳು. ಗೋಡೆಯ ಅಕ್ಷರ ಒಂದೂ ಸಿಗಲಿಲ್ಲ. ದೃಷ್ಟಿ ಎಷ್ಟು ಮರಳುತ್ತದೆಂದು ಈಗಲೇ ಹೇಳಲಾರೆ ಎಂದರು. ಗಣಪಣ್ಣ ಹೊರಗೆ ಹೋಗಿ ಮುಖ ತೊಳೆದು ಬಂದ. ಊಟಕ್ಕೆ ಮೂವರಿಗೂ ಬಂಗಡೆ ಫ್ರೈ ಹೇಳಿದ, ತಾನು ಮಾತ್ರ ಮುಟ್ಟಲಿಲ್ಲ.

ವಾಪಸು ಬಸ್ಸಿನಲ್ಲಿ ಹಳದೀಪುರದ ತೆಂಗಿನ ತೋಟಗಳು ಸರಿದವು. ಹೊನ್ನಾವರ ಬಿಟ್ಟೊಡನೆ ಅಕ್ಕ ಕನ್ನಡಕ ತೆಗೆದು ಬಲಗಣ್ಣಿಗೆ ಅಂಗೈ ಮುಚ್ಚಿದಳು. ಸೇತುವೆ ಬಂತು.

"ಎಲ್ಲಾ ಮಂಜು ಮಂಜು," ಎಂದಳು. ಮುಖವನ್ನು ಕಿಟಕಿಗೆ ಹತ್ತಿರ ತಂದು, "ಕೆಂಪು ಎಂತದೋ ಅಲ್ಲಾಡ್ತದೆ."

ನಾನು ಬಗ್ಗಿ ನೋಡಿದೆ. ನಡುನೀರಿನಲ್ಲಿ ಒಂದು ದೋಣಿ, ಅದರ ಮೇಲೆ ಕೆಂಪು ಬಾವುಟ. ಗಣಪಣ್ಣ ಎದ್ದು ನಿಂತು ಕಂಡಕ್ಟರಿಗೂ ಹಿಂದಿನ ಸೀಟಿನವರಿಗೂ ಅದನ್ನು ತೋರಿಸತೊಡಗಿದ. ಕೂತ್ಕೊಳ್ಳಿ ಮಾರಾಯ್ರೇ ಎಂದು ಯಾರೋ ಗದರಿದರು.

ಸೇತುವೆ ಮುಗಿದ ಮೇಲೂ ನಾನು ತಿರುಗಿ ತಿರುಗಿ ನೋಡಿದೆ. ಅಕ್ಕ ಬಲಗಣ್ಣಿನ ಮೇಲಿನ ಅಂಗೈಯನ್ನು ಇನ್ನೂ ತೆಗೆದಿರಲಿಲ್ಲ.